ಗುಳಿಗೆಯೊಳಗಿನ ಹಿಟ್ಟು ಮೋಸವಲ್ಲ

ಹುಬ್ಬಳ್ಳಿಯ ಔಷಧಿ ಅಂಗಡಿಯೊಂದರಲ್ಲಿ ಹಿರಿಯರೊಬ್ಬರು ಬಿಪಿ ಗುಳಿಗೆಯ ಸ್ಟ್ರಿಪ್ ತಿರುಗಿಸಿ ಓದುತ್ತಿದ್ದರು. ‘ಐದ ಮಿಲಿಗ್ರಾಂ ಅಂತ ಬರದಾರ. ಉಳದದ್ದೆಲ್ಲಾ ಬರೇ ಹಿಟ್ಟ ಅಲ್ಲೇನ್ರೀ? ಹಿಟ್ಟಿಗೂ ರೊಕ್ಕಾ ಕೊಡಬೇಕೇನು?’ ಎಂದರು.

ಅವರ ಲೆಕ್ಕ ಸರಿ. ಸಿಟ್ಟು ಮಾತ್ರ ತಪ್ಪು ಜಾಗದಲ್ಲಿದೆ. ಥೈರಾಯ್ಡಿಗೆ ಕೊಡುವ 50 ಮೈಕ್ರೋಗ್ರಾಂ ಗುಳಿಗೆ ನೋಡಿ. ಒಂದು ಗ್ರಾಂ ಔಷಧಿಯಲ್ಲಿ ಅಂಥ 20,000 ಗುಳಿಗೆ ಆಗುತ್ತವೆ. ಅಷ್ಟು ಚೂರನ್ನು ಬೆರಳಲ್ಲಿ ಹಿಡಿಯಲೂ ಆಗದು. ಹಿಟ್ಟಿಲ್ಲದೆ ಗುಳಿಗೆಯೇ ಇಲ್ಲ.

ಈ ಹಿಟ್ಟಿಗೆ ಎಕ್ಸಿಪಿಯೆಂಟ್ ಎಂದು ಹೆಸರು. ಅದಕ್ಕೆ ತನ್ನದೇ ದೊಡ್ಡ ಪೇಟೆಯಿದೆ. ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಬರುವುದು ಚೀಸ್ ಮಾಡಿ ಉಳಿದ ಹಾಲಿನ ನೀರಿನಿಂದ. ಪಿಷ್ಟ ಬರುವುದು ಹೆಚ್ಚಾಗಿ ಗೋವಿನಜೋಳದಿಂದ. ಹಾವೇರಿಯವರಿಗೆ ಅದರ ಬಗ್ಗೆ ನಾನು ಹೇಳಬೇಕಿಲ್ಲ. ರೊಟ್ಟಿ ಬಡಿಯುವಾಗ ಕೆಳಗೆ ಹಿಟ್ಟು ಉದುರಿಸುತ್ತೇವಲ್ಲ, ಹಾಗೆ ಪುಡಿ ಯಂತ್ರಕ್ಕೆ ಅಂಟದಿರಲಿ ಅಂತ ಚೂರು ಮೆಗ್ನೀಸಿಯಂ ಸ್ಟಿಯರೇಟ್ ಸೇರಿಸುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೆಲ್ಯುಲೋಸ್. ಗದಗಿನ ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಬಿಡಿಸಿದ ಮೇಲೂ ಹತ್ತಿಕಾಳಿಗೆ ಗಿಡ್ಡ ಎಳೆಗಳು ಅಂಟಿಕೊಂಡಿರುತ್ತವೆ. ಅವಕ್ಕೆ ಲಿಂಟರ್ ಅನ್ನುತ್ತಾರೆ. ಅದೂ ಮರದ ತಿರುಳೂ ಒಂದೇ ವಸ್ತು, ಸೆಲ್ಯುಲೋಸ್. 1955ರಲ್ಲಿ ಅಮೆರಿಕನ್ ವಿಸ್ಕೋಸ್ ಕಂಪನಿಯ ಒರ್ಲಾಂಡೊ ಬಟಿಸ್ಟಾ ಅದನ್ನು ಆಸಿಡ್‌ನಲ್ಲಿ ಕಾಯಿಸಿದರು. ಸಡಿಲ ಭಾಗ ಕರಗಿತು, ಗಟ್ಟಿ ಹರಳಿನ ಭಾಗ ಉಳಿಯಿತು. ಆ ಬಿಳಿ ಪುಡಿಯನ್ನು ಒತ್ತಿದರೆ ಕಣಗಳು ಚಪ್ಪಟೆಯಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕೈ ಬಿಟ್ಟರೂ ಉಂಡೆ ಒಡೆಯದು.

ಆದರೆ ಗುಳಿಗೆ ಹೊಟ್ಟೆಗೆ ಹೋದ ಮೇಲೆ ಒಡೆಯಲೇಬೇಕಲ್ವಾ? ಆ ಕೆಲಸಕ್ಕೂ ಸೆಲ್ಯುಲೋಸ್‌ನದೇ ತಮ್ಮ, ಕ್ರಾಸ್‌ಕಾರ್ಮೆಲೋಸ್. ಅದರ ಎಳೆಗಳಿಗೆ ನೀರು ಎಳೆಯುವ ಗುಂಪುಗಳನ್ನು ಸೇರಿಸಿ, ಎಳೆಗೆ ಎಳೆಯನ್ನು ಗಂಟು ಹಾಕಿರುತ್ತಾರೆ. ನೀರು ಕುಡಿಯುತ್ತದೆ, ಗಂಟಿರುವುದರಿಂದ ಕರಗಲಾರದು, ಹಾಗಾಗಿ ಉಬ್ಬುತ್ತದೆ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಒತ್ತಿದ ಹಾಗೆ. ನೆನೆಸಿದ ಕಡಲೆ ಡಬ್ಬಿಯ ಮುಚ್ಚಳ ಎತ್ತಿದ ಹಾಗೆ. ನಮ್ಮ ಎರೆ ಹೊಲ ಮೊದಲ ಮಳೆಗೆ ಉಬ್ಬಿ, ಬೇಸಿಗೆಯ ಬಿರುಕನ್ನೆಲ್ಲ ಮುಚ್ಚಿದ ಹಾಗೆ. ಎರೆ ಮಣ್ಣನ್ನು ಉಬ್ಬಿಸುವ ಜೇಡಿಯ ಜಾತಿಗೇ ಸೇರಿದ ಬೆಂಟೊನೈಟ್ ಕೂಡ ಔಷಧಿಗೆ ಬಳಕೆಯಾಗುತ್ತದೆ! ಬಾಟಲಿಯ ಔಷಧಿಯಲ್ಲಿ ಪುಡಿ ತಳಕ್ಕೆ ಇಳಿಯದಂತೆ ಅದು ತಡೆಯುತ್ತದೆ.

ಹಿಟ್ಟು ‘ಸುಮ್ನೆ’ ಇರುತ್ತದೆ ಅನ್ನುವವರು ಆಸ್ಟ್ರೇಲಿಯಾದ ಕಥೆ ಕೇಳಬೇಕು. 1968ರ ಸುಮಾರಿಗೆ ಅಲ್ಲಿ ಮೂರ್ಛೆರೋಗದ ಫೆನಿಟಾಯಿನ್ ಕ್ಯಾಪ್ಸೂಲಿನಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ತೆಗೆದು ಲ್ಯಾಕ್ಟೋಸ್ ತುಂಬಿದರು. ಔಷಧಿಯ ಅಳತೆ ಬದಲಾಗಲಿಲ್ಲ. ಆದರೂ ರೋಗಿಗಳ ರಕ್ತಕ್ಕೆ ಔಷಧಿ ಜಾಸ್ತಿ ಸೇರಿ ಅದೇ ವಿಷವಾಯಿತು. ಹಿಂದಿನ ಹಿಟ್ಟು ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತಿತ್ತು, ಹೊಸದು ಬಿಟ್ಟುಕೊಟ್ಟಿತು.

ಸಿರಪ್ಪಿನ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಭಯ. ಅಲ್ಲಿ ಹಿಟ್ಟಿನ ಜಾಗದಲ್ಲಿ ಗ್ಲಿಸರಿನ್, ಪ್ರೊಪಿಲಿನ್ ಗ್ಲೈಕಾಲ್ ಎಂಬ ದ್ರವಗಳಿರುತ್ತವೆ. ಇವುಗಳಲ್ಲಿ ಕಾರ್ಖಾನೆಗೆ ಹೋಗುವ ಅಗ್ಗದ ಮಾಲು ಬೇರೆ, ಔಷಧಿಗೆ ಹೋಗುವ ಮಾಲು ಬೇರೆ. ಎರಡೂ ಡ್ರಮ್ಮಿನಲ್ಲೇ ಬರುತ್ತವೆ, ನೋಡಲು ಒಂದೇ ಥರ. ಸಿಹಿ ರುಚಿಯ ಡೈಎಥಿಲಿನ್ ಗ್ಲೈಕಾಲ್ ಬೆರೆತಿದ್ದರೆ ಕಣ್ಣಿಗೂ ನಾಲಿಗೆಗೂ ಗೊತ್ತಾಗದು, ಕಿಡ್ನಿ ಕೆಡುತ್ತದೆ. 1937ರಲ್ಲಿ ಅಮೆರಿಕದಲ್ಲಿ ಅದನ್ನೇ ದ್ರಾವಕ ಮಾಡಿದ ಒಂದು ಔಷಧಿ 100ಕ್ಕೂ ಹೆಚ್ಚು ಜನರನ್ನು ಕೊಂದಿತು. 1986ರಲ್ಲಿ ಮುಂಬೈನಲ್ಲಿ ಕಲಬೆರಕೆ ಗ್ಲಿಸರಿನ್‌ನಿಂದ 14 ರೋಗಿಗಳು ಸತ್ತರು.

ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಫಿ ಎಂಬ ಪರೀಕ್ಷೆ ಮಾಡಿದರೆ ಈ ವಿಷ ಸಿಕ್ಕಿಬೀಳುತ್ತದೆ. ಆ ಪರೀಕ್ಷೆ ಪ್ರತಿ ಡ್ರಮ್ಮಿಗೂ ಆಗಬೇಕು, ಸಿರಪ್ಪಿಗೆ ಸುರಿಯುವ ಮೊದಲೇ ಆಗಬೇಕು. ಹಿರಿಯರು ಹಿಟ್ಟಿಗೂ ರೊಕ್ಕಾ ಕೊಡಬೇಕೇ ಎಂದು ಕೇಳಿದರಲ್ಲ, ಆ ರೊಕ್ಕದಲ್ಲಿ ಇಂಥ ಪರೀಕ್ಷೆಗಳ ಖರ್ಚೂ ಸೇರಿರುತ್ತದೆ.