ನೆರಳೇ ಇಲ್ಲದ ಸೆಲ್ ಶೇಡಿಂಗ್

ಕಂಪ್ಯೂಟರಿನಲ್ಲಿ ಒಂದು ಮುಖ ಬರೆದು, ಗೆರೆಯ ಒಳಗೆ ಒಂದೇ ಕ್ಲಿಕ್ಕಿಗೆ ಬಣ್ಣ ತುಂಬುವ ಬಕೆಟ್ ಟೂಲ್‌ನಿಂದ ಬಣ್ಣ ಸುರಿದು, ಕೆಳಗೆ ‘ಸೆಲ್ ಶೇಡಿಂಗ್ ಟ್ರೈ ಮಾಡಿದೆ’ ಅಂತ ಹಾಕುವುದು ಈಗ ಎಷ್ಟು ಜಾಸ್ತಿ ಆಗಿದೆ ಅಂದರೆ, ಆ ಪದಕ್ಕೆ ಅರ್ಥವೇ ಉಳಿದಿಲ್ಲ. ಚಿತ್ರ ಚೆನ್ನಾಗಿಯೇ ಇರುತ್ತದೆ, ತಕರಾರು ಅದರ ಬಗ್ಗೆ ಅಲ್ಲ. ಆದರೆ ಅದು ಫ್ಲಾಟ್ ಕಲರ್, ಅಂದರೆ ಎಲ್ಲ ಕಡೆ ಒಂದೇ ಸಮನಾದ ಬಣ್ಣ. ಹೆಸರಿನಲ್ಲೇ ಶೇಡಿಂಗ್ ಇದೆ, ಚಿತ್ರದಲ್ಲಿ ನೆರಳಿನ ಸುಳಿವೇ ಇಲ್ಲ. ಇನ್ನು ಕೆಲವರು ಅನಿಮೆ (ಜಪಾನಿನ ಅನಿಮೇಷನ್) ಥರ ಕಾಣುವ ಎಲ್ಲಕ್ಕೂ ಇದೇ ಹೆಸರು ಅಂಟಿಸುತ್ತಾರೆ, ಕೆನ್ನೆ ಮೇಲೆ ಏರ್‌ಬ್ರಶ್ ಆಡಿಸಿ ನುಣ್ಣಗೆ ಮಾಡಿದ್ದಕ್ಕೂ ಸಹ. ಕಣ್ಣು ದೊಡ್ಡದಾಗಿದ್ದ ಮಾತ್ರಕ್ಕೆ ಅದು ಸೆಲ್ ಶೇಡಿಂಗ್ ಆಗುವುದಿಲ್ಲ.

ಸೆಲ್ ಶೇಡಿಂಗ್‌ಗೆ ಬೇಕಾದದ್ದು ಇಷ್ಟೇ: ಒಂದು ಮೂಲ ಬಣ್ಣ, ಅದರ ಮೇಲೆ ಒಂದು ನೆರಳಿನ ಬಣ್ಣ, ಎರಡರ ನಡುವೆ ಕತ್ತರಿಸಿ ಅಂಟಿಸಿದಂಥ ಅಂಚು. ಬೇಕಿದ್ದರೆ ಹೊಳಪಿಗೆ ಮೂರನೆಯದು. ಒಂದು ಬಣ್ಣ ಇನ್ನೊಂದಕ್ಕೆ ನಿಧಾನವಾಗಿ ಕರಗುವ ಗ್ರೇಡಿಯೆಂಟ್ ಇಲ್ಲ, ಉಜ್ಜಿ ಬೆರೆಸುವುದಿಲ್ಲ.

ಈಗ ‘ಸೆಲ್’ ಕಥೆ. ಕನ್ನಡದಲ್ಲಿ ಬರೆದರೆ ಬ್ಯಾಟರಿಯ ಸೆಲ್, ಜೈಲಿನ ಸೆಲ್, ಇದು, ಎಲ್ಲ ಒಂದೇ ಥರ ಕಾಣುತ್ತವೆ. ಅದಕ್ಕೇ ಜನ ಏನೇನೋ ಊಹೆ ಮಾಡುತ್ತಾರೆ. ಚಿತ್ರವನ್ನು ಸಣ್ಣ ಸಣ್ಣ ಕೋಶಗಳಾಗಿ ಒಡೆದು ಬಣ್ಣ ತುಂಬುವುದರಿಂದ ಈ ಹೆಸರು ಬಂತು ಅನ್ನುವ ವಿವರಣೆ ಕೇಳಲು ಚೆಂದ, ಆದರೆ ಸುಳ್ಳು. ಇಂಗ್ಲಿಷಿನಲ್ಲಿ ಈ ಸೆಲ್‌ಗೆ ಒಂದೇ ‘ಎಲ್’, ಜೈಲಿನದಕ್ಕೂ ಬ್ಯಾಟರಿಯದಕ್ಕೂ ಎರಡು. ಇದು ಸೆಲ್ಯುಲಾಯ್ಡ್ ಅನ್ನುವ ಪದದಿಂದ ಮುರಿದುಕೊಂಡ ತುಂಡು. ಸೆಲ್ಯುಲಾಯ್ಡ್ ಅಂದರೆ ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡಿದ ಪ್ಲಾಸ್ಟಿಕ್. ಆ ಹೆಸರು 1870ರ ದಶಕದಲ್ಲಿ ಅಮೆರಿಕದ ಹಯಟ್ ಸಹೋದರರು ಇಟ್ಟದ್ದು. ಅದಕ್ಕೂ ಮೊದಲಿನದು ಸೆಲ್ಯುಲೋಸ್. 1830ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಗಿಡಗಳಿಂದ ಬೇರ್ಪಡಿಸಿದ ವಸ್ತು ಅದು, ಗಿಡದ ಜೀವಕೋಶದ ಗೋಡೆ ಆಗುವುದು ಅದರಿಂದಲೇ. ಇನ್ನು ಜೀವಕೋಶಕ್ಕೆ ಸೆಲ್ ಅಂದದ್ದು ಇಂಗ್ಲೆಂಡಿನ ರಾಬರ್ಟ್ ಹುಕ್. 1665ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ, ಕಾರ್ಕಿನ ತೆಳು ಚೂರಿನಲ್ಲಿ ಕಂಡ ಪುಟ್ಟ ಕೋಣೆಯಂಥ ಖಾಲಿ ಜಾಗಗಳಿಗೆ ಆ ಹೆಸರು ಕೊಟ್ಟ. ಹಿಂದಕ್ಕೆ ಹೋದರೆ ಸಿಗುವುದು ಲ್ಯಾಟಿನ್ನಿನ ‘ಸೆಲ್ಲಾ’, ಅಂದರೆ ಚಿಕ್ಕ ಕೋಣೆ. ಹಾಗಾಗಿ ಜೈಲಿನ ಸೆಲ್ ಮತ್ತು ಚಿತ್ರದ ಸೆಲ್ ದೂರದ ನೆಂಟರೇ. ಆದರೂ ‘ಕೋಶ ಛಾಯೆ’ ಅಂತ ಅನುವಾದ ಮಾಡುವವರನ್ನು ಈ ನೆಂಟಸ್ತಿಕೆ ಕಾಪಾಡುವುದಿಲ್ಲ, ದಯವಿಟ್ಟು ಅದನ್ನು ನಿಲ್ಲಿಸಿ.

ಚಿತ್ರಕ್ಕೂ ಪ್ಲಾಸ್ಟಿಕ್ಕಿಗೂ ಗಂಟು ಬಿದ್ದದ್ದು ಅನಿಮೇಷನ್‌ನಿಂದ. ಹಿನ್ನೆಲೆಯನ್ನು ಒಂದೇ ಸಲ ಬರೆದಿಟ್ಟು, ಅಲ್ಲಾಡುವ ಪಾತ್ರವನ್ನಷ್ಟೇ ಪಾರದರ್ಶಕ ಹಾಳೆಯ ಮೇಲೆ ಮತ್ತೆ ಮತ್ತೆ ಬರೆದು ಮೇಲಿಡುವ ವಿಧಾನಕ್ಕೆ ಅಮೆರಿಕದ ಅರ್ಲ್ ಹರ್ಡ್ 1914ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಆ ಹಾಳೆಯೇ ಸೆಲ್. ಸೆಲ್ಯುಲಾಯ್ಡ್ ಬೇಗ ಹೊತ್ತಿಕೊಳ್ಳುತ್ತದೆ ಅಂತ ಆಮೇಲೆ ಸೆಲ್ಯುಲೋಸ್ ಅಸಿಟೇಟ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಬಂತು, ಹೆಸರು ಮಾತ್ರ ಹಾಗೇ ಉಳಿಯಿತು. ಗೆರೆ ಹಾಳೆಯ ಮುಂಭಾಗದಲ್ಲಿ, ಬಣ್ಣ ಹಿಂಭಾಗದಲ್ಲಿ. ಹಾಗೆ ಮಾಡಿದರೆ ಬಣ್ಣ ಗೆರೆಯ ಮೇಲೆ ಹರಿಯುವುದಿಲ್ಲ, ಮುಂದಿನಿಂದ ನೋಡಿದಾಗ ಬ್ರಶ್ಶಿನ ಗುರುತೂ ಕಾಣುವುದಿಲ್ಲ. ಈಗ ನೀವು ಕಂಪ್ಯೂಟರಿನಲ್ಲಿ ಗೆರೆಯ ಪದರ, ಅಂದರೆ ಲೈನ್ ಲೇಯರ್ ಮೇಲಿಟ್ಟು, ಬಣ್ಣದ ಲೇಯರ್ ಕೆಳಗಿಡುತ್ತೀರಲ್ಲ, ಅದೇ ಜೋಡಣೆ. ಅಂದಹಾಗೆ ಆ ಹಾಳೆಗಳು ಪೂರ್ತಿ ತಿಳಿಯಾಗಿರಲಿಲ್ಲ. ಒಂದರ ಮೇಲೊಂದು ಇಟ್ಟಂತೆ ಕೆಳಗಿನ ಬಣ್ಣ ಸ್ವಲ್ಪ ಮಂಕಾಗುತ್ತಿತ್ತು. ಅದಕ್ಕೇ ಪಾತ್ರ ಎಷ್ಟನೇ ಪದರದಲ್ಲಿದೆ ಅನ್ನುವುದನ್ನು ನೋಡಿಕೊಂಡು ಅದೇ ಬಣ್ಣವನ್ನು ಬೇರೆ ಬೇರೆಯಾಗಿ ಕಲಸಿಡಬೇಕಿತ್ತು. ನಮಗೆ ಆ ಗೋಳಿಲ್ಲ.

ಅಂಚು ಯಾಕೆ ಗಡಸು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಒಂದು ದೊಡ್ಡ ಅನಿಮೇಷನ್ ಸಿನಿಮಾಕ್ಕೆ ಸಾವಿರಾರು ಸೆಲ್, ತುಂಬುವ ಕೈಗಳು ಹತ್ತಾರು. ಪ್ರತಿ ಹಾಳೆಯಲ್ಲೂ ನೆರಳನ್ನು ನುಣ್ಣಗೆ ಕರಗಿಸುತ್ತಾ ಹೋದರೆ ಒಬ್ಬೊಬ್ಬರದು ಒಂದೊಂದು ಥರ ಆಗಿ, ಓಡಿಸಿದಾಗ ಪಾತ್ರದ ಮೈ ಕುದಿಯುವ ಹಾಗೆ ಕಾಣುತ್ತದೆ. ಅದಕ್ಕೆ ನೆರಳಿನ ಗಡಿಯನ್ನು ಮೊದಲೇ ಬಣ್ಣದ ಪೆನ್ಸಿಲ್‌ನಲ್ಲಿ ಎಳೆದು ಕೊಡುತ್ತಿದ್ದರು. ಈ ಗಡಿಯಿಂದ ಆಚೆ ಈ ಬಣ್ಣ, ಈಚೆ ಆ ಬಣ್ಣ. ತುಂಬುವವರು ಯೋಚನೆ ಮಾಡುವ ಪ್ರಶ್ನೆಯೇ ಇಲ್ಲ. ಅಂದರೆ ಇದು ಮೊದಲಿಗೆ ಶೈಲಿ ಆಗಿರಲಿಲ್ಲ, ಅನಿವಾರ್ಯ ಆಗಿತ್ತು.

ನನ್ನ ಸಿಟ್ಟು ನಿಜವಾಗಿ ಇರುವುದು ‘ಸೆಲ್ ಶೇಡಿಂಗ್ ಈಸಿ, ಬ್ಲೆಂಡ್ ಮಾಡೋ ಕೆಲಸ ಇಲ್ಲ’ ಅನ್ನುವ ಮಾತಿನ ಮೇಲೆ. ನಿಜವಾದ ಬೆಳಕಿನಲ್ಲಿ ಎರಡು ಬಗೆಯ ನೆರಳು ಇರುತ್ತವೆ. ಕೆನ್ನೆ ತಿರುಗಿದ ಕಡೆ ಬೆಳಕು ನಿಧಾನವಾಗಿ ಕಡಿಮೆಯಾಗುತ್ತದೆ, ಮೂಗು ಅಥವಾ ಗದ್ದ ಬೇರೆ ಕಡೆ ಚೆಲ್ಲುವ ನೆರಳಿಗೆ ಅಂಚು ಚೂಪಾಗಿರುತ್ತದೆ. ಸೆಲ್ ಶೇಡಿಂಗ್‌ನಲ್ಲಿ ಎರಡಕ್ಕೂ ಚೂಪು ಅಂಚೇ ಸಿಗುವುದರಿಂದ, ಯಾವುದು ಉರುಟು, ಯಾವುದು ಚಪ್ಪಟೆ ಅನ್ನುವುದನ್ನು ನೆರಳಿನ ಆಕಾರ ಒಂದೇ ಹೇಳಬೇಕು. ಆಕಾರ ತಪ್ಪಿದರೆ ಮುಚ್ಚಿಕೊಳ್ಳಲು ಮಸುಕು ಇಲ್ಲ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ನೋಡದೆ, ಗೆರೆಯ ಒಳಬದಿ ಸುತ್ತಲೂ ಒಂದು ಪಟ್ಟಿ ಕಪ್ಪು ಎಳೆಯುವವರು ಇದ್ದಾರೆ. ತಲೆ ದಿಂಬಿನ ಹಾಗೆ ಉಬ್ಬುತ್ತದೆ, ಅದಕ್ಕೆ ಪಿಲ್ಲೋ ಶೇಡಿಂಗ್ ಅನ್ನುವ ಹೆಸರೇ ಇದೆ.

ಬಣ್ಣದ ವಿಷಯದಲ್ಲಿ ಇನ್ನೊಂದು. ಫ್ಲಾಟ್ ಲೇಯರ್ ಮೇಲೆ ಇನ್ನೊಂದು ಲೇಯರನ್ನು ಅದರ ಆಚೆ ಹರಿಯದ ಹಾಗೆ ಕ್ಲಿಪ್ ಮಾಡಿ, ಕೆಳಗಿನ ಬಣ್ಣವನ್ನು ಗಾಢ ಮಾಡುವ ಮಲ್ಟಿಪ್ಲೈಗೆ ಹಾಕುವುದು ಎಲ್ಲರಿಗೂ ಗೊತ್ತು. ಅಲ್ಲಿ ಬೂದು ಬಣ್ಣ ಬಳಿದರೆ ಚರ್ಮ ಸತ್ತ ಹಾಗೆ ಕಾಣುವುದೂ ಗೊತ್ತಿರಬೇಕಲ್ವಾ? ಆದರೂ ಬಳಿಯುತ್ತಾರೆ. ತಿಳಿ ನೇರಳೆಯನ್ನೋ ಮಾಸಿದ ಕೆಂಪನ್ನೋ ಹಾಕಿ ನೋಡಿ. ಇನ್ನೂ ಒಳ್ಳೆಯದು, ಮಲ್ಟಿಪ್ಲೈ ಬಿಟ್ಟು ನೆರಳಿನ ಬಣ್ಣವನ್ನು ನೀವೇ ಆರಿಸಿ. ಸೆಲ್ ತುಂಬುವವರಿಗೆ ಮಲ್ಟಿಪ್ಲೈ ಇರಲಿಲ್ಲ, ಪ್ರತಿ ನೆರಳಿಗೂ ಬೇರೆ ಡಬ್ಬಿ ಇತ್ತು.

ಕಾಗದದ ಮೇಲೆ ಇದನ್ನು ಮಾಡಲು ಗ್ವಾಶ್ ಸಲೀಸು, ಅದು ನೀರಿನಲ್ಲಿ ಕಲಸುವ ಅಪಾರದರ್ಶಕ ಬಣ್ಣ. ಆಲ್ಕೋಹಾಲ್ ಮಾರ್ಕರ್ ಆದರೆ ಮೊದಲ ಪದರ ಪೂರ್ತಿ ಒಣಗಲಿ, ಹಸಿ ಇರುವಾಗ ಎರಡನೆಯದು ಬಿದ್ದರೆ ಅಂಚು ಕರಗುತ್ತದೆ. ಜಲವರ್ಣಕ್ಕೂ ಅಷ್ಟೇ. ಕಲರ್ ಪೆನ್ಸಿಲ್‌ನಲ್ಲಿ ಸುಮ್ನೆ ಒದ್ದಾಡಬೇಡಿ.

ತ್ರೀಡಿಯಲ್ಲೂ ಇದೇ ಹೆಸರು ನಡೆಯುತ್ತದೆ, ಟೂನ್ ಶೇಡಿಂಗ್ ಅಂತಲೂ ಅನ್ನುತ್ತಾರೆ. ಮೇಲ್ಮೈ ಬೆಳಕಿನ ಕಡೆ ಎಷ್ಟು ತಿರುಗಿದೆ ಅನ್ನುವ ಲೆಕ್ಕವನ್ನು ನುಣುಪಾಗಿ ಬಿಡದೆ ಎರಡೋ ಮೂರೋ ಮೆಟ್ಟಿಲಿಗೆ ಕತ್ತರಿಸುವುದು, ಅಷ್ಟೇ ಉಪಾಯ. ಕಪ್ಪು ಹೊರಗೆರೆ ಇದರ ಭಾಗ ಅಲ್ಲ, ಜೊತೆಗೆ ಬರುವ ಬೇರೆ ಕೆಲಸ. ಗೆರೆ ಕಂಡ ಕೂಡಲೇ ಸೆಲ್ ಶೇಡಿಂಗ್ ಅನ್ನುವವರು 2009ರ ‘ಬಾರ್ಡರ್‌ಲ್ಯಾಂಡ್ಸ್’ ವಿಡಿಯೊ ಗೇಮನ್ನೇ ಉದಾಹರಣೆಗೆ ತರುತ್ತಾರೆ. ಅದರಲ್ಲಿ ಶಾಯಿಯ ಹಾಗೆ ಕಾಣುವ ಗೆರೆಗಳು ಬಹುಪಾಲು ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರದ, ಅಂದರೆ ಟೆಕ್ಸ್‌ಚರ್ ಮೇಲೇ ಕೈಯಲ್ಲಿ ಬರೆದವು. ಗೆರೆಯೇ ಇಲ್ಲದೆ ಎರಡು ಮೆಟ್ಟಿಲಿನ ನೆರಳು ಮಾತ್ರ ಇರುವ ಚಿತ್ರವನ್ನು ತೋರಿಸಿದರೆ, ‘ಇದೆಂಥ ಸೆಲ್ ಶೇಡಿಂಗ್, ಔಟ್‌ಲೈನ್ ಎಲ್ಲಿ’ ಅಂತ ಕೇಳುವವರೂ ಇವರೇ.