ಹಳೆ ಯುದ್ಧವಿಮಾನಕ್ಕೆ ಹೊಳಪಿಗಿಂತ ಸೂರು ಮುಖ್ಯ

ಹಳೆ ಯುದ್ಧವಿಮಾನಗಳನ್ನು ಕಾಪಾಡುವ ಕೆಲಸದಲ್ಲಿರುವ ನನಗೆ ಜನ ಪದೇಪದೇ ಕೇಳುವುದು ಒಂದೇ: 'ಇದನ್ನ ಚೆನ್ನಾಗಿ ತಿಕ್ಕಿ ಹೊಳಪು ಬರಿಸಬಾರದಾ?' ದಯವಿಟ್ಟು ಬೇಡ. ಆ ಹೊರತಗಡಿನ ಒಳಗಿರುವುದು ತಾಮ್ರ ಬೆರೆಸಿದ ಗಟ್ಟಿ ಅಲ್ಯೂಮಿನಿಯಂ. ಅದು ಬಲವಾದದ್ದು, ಆದರೆ ತೇವ ತಡೆಯದು. ಅದಕ್ಕೇ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಕೊಟ್ಟಿರುತ್ತಾರೆ. ಪಾಲಿಶ್ ಮಾಡಿದಷ್ಟೂ ಆ ಪದರ ಸವೆಯುತ್ತದೆ.

ಇಂಥ ವಿಮಾನಗಳು ಒಂದಷ್ಟಾದರೂ ಉಳಿದದ್ದೇ ದೊಡ್ಡದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಒಂದೇ ಸುಮಾರು 3 ಲಕ್ಷ ವಿಮಾನ ಕಟ್ಟಿತು. ಯುದ್ಧ ಮುಗಿದಾಗ ಅರಿಜೋನಾದ ಕಿಂಗ್‌ಮನ್‌ನಲ್ಲಿ 5,000ಕ್ಕೂ ಜಾಸ್ತಿ ವಿಮಾನಗಳು ಸಾಲುಗಟ್ಟಿ ನಿಂತವು. ಎಂಜಿನ್ ಬಿಚ್ಚಿ, ಕ್ರೇನಿಗೆ ಕಟ್ಟಿದ ಭಾರಿ ಬ್ಲೇಡನ್ನು ಬೀಳಿಸಿ ತುಂಡು ಮಾಡಿ, ಕುಲುಮೆಯಲ್ಲಿ ಕರಗಿಸಿ ಅಲ್ಯೂಮಿನಿಯಂ ಗಟ್ಟಿಗಳನ್ನಾಗಿ ಎರಕ ಹೊಯ್ದರು. ಪಾಲ್ ಮ್ಯಾಂಟ್ಜ್ ಎಂಬ ಸ್ಟಂಟ್ ಪೈಲಟ್ 1946ರಲ್ಲಿ 475 ವಿಮಾನಗಳನ್ನು ಸುಮಾರು 55,000 ಡಾಲರಿಗೆ ಕೊಂಡ. ಅವುಗಳಲ್ಲೂ ಬಹುಪಾಲು ಗುಜರಿಗೇ ಹೋದವು.

ಬದುಕಿದ್ದು ಯಾವುದು? ಕೆಲಸ ಸಿಕ್ಕಿದ್ದು. ಕೆಲವು ಬಾಂಬರ್‌ಗಳು ಕಾಡ್ಗಿಚ್ಚಿಗೆ ನೀರು ಸುರಿಯುತ್ತಾ ಉಳಿದವು. ಅಮೆರಿಕದ ಲಿಬರೇಟರ್ ಎಂಬ ಬಾಂಬರ್‌ನ ಕಥೆ ನನಗೆ ತುಂಬಾ ಇಷ್ಟ. 18,000ಕ್ಕೂ ಹೆಚ್ಚು ತಯಾರಾಗಿದ್ದವು. ಬ್ರಿಟಿಷರು ಹೋಗುವಾಗ ಕಾನ್ಪುರದಲ್ಲಿ ಒಂದಷ್ಟನ್ನು ಮತ್ತೆ ಹಾರದಂತೆ ಕೆಡಿಸಿ ಬಿಟ್ಟಿದ್ದರು. ಎಚ್‌ಎಎಲ್‌ನವರು ಸುಮಾರು 40 ವಿಮಾನಗಳನ್ನು ಎಬ್ಬಿಸಿ ನಿಲ್ಲಿಸಿದರು. ಭಾರತೀಯ ವಾಯುಪಡೆ 1968ರವರೆಗೂ ಅವನ್ನು ಹಾರಿಸಿತು. ಇವತ್ತು ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿ, ಅಮೆರಿಕದ ಟೂಸಾನ್‌ನ ಪೀಮಾ ಮ್ಯೂಸಿಯಂನಲ್ಲಿ ನಿಂತಿರುವ ಲಿಬರೇಟರ್‌ಗಳು ಇಲ್ಲಿಂದ ಹೋದವೇ.

ಮ್ಯೂಸಿಯಂ ಸೇರಿದ ಮೇಲೂ ಅಪಾಯ ತಪ್ಪಿದ್ದಲ್ಲ. ಬಯಲಲ್ಲಿ ನಿಂತ ವಿಮಾನದ ಹೊಟ್ಟೆಯಡಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಧೂಳು, ಹಕ್ಕಿಗೂಡಿನ ಕಸ ತುಂಬಿ ಅವು ಮುಚ್ಚಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂಗೆ ತಾಗಿದ ಕಡೆ ತೇವ ಸೇರಿದರೆ, ಕರಗುವುದು ಅಲ್ಯೂಮಿನಿಯಂ. ಆಮೇಲೆ ರೆಕ್ಕೆಯ ದಪ್ಪ ತೊಲೆ ಹಳೆ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಉಬ್ಬುತ್ತದೆ. ಮೇಲಿನ ಬಣ್ಣ ಮಾತ್ರ ಚೆನ್ನಾಗೇ ಕಾಣುತ್ತಿರುತ್ತದೆ!

ಬಣ್ಣದ ವಿಷಯದಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂನವರ ದಾರಿಯೇ ಸರಿ ಅನ್ನಿಸುತ್ತದೆ. ಅವರ ಬಳಿ 'ಫ್ಲ್ಯಾಕ್ ಬೇಟ್' ಎಂಬ ಬಿ-26 ಬಾಂಬರ್ ಇದೆ, 200ಕ್ಕೂ ಹೆಚ್ಚು ದಾಳಿಗೆ ಹೋಗಿ ಬಂದದ್ದು. ಮೈತುಂಬಾ ತೇಪೆ. ಅದಕ್ಕೆ ಹೊಸ ಬಣ್ಣ ಬಳಿಯದೆ, ಯುದ್ಧಕಾಲದ ಬಣ್ಣವನ್ನೂ ತೇಪೆಗಳನ್ನೂ ಹಾಗೇ ಉಳಿಸುತ್ತಿದ್ದಾರೆ. ನಿಮ್ಮ ಸಂಸ್ಥೆಯ ಕೈಯಲ್ಲೂ ಒಂದು ವಿಮಾನ ಇದ್ದು, ಹಣ ಸ್ವಲ್ಪವೇ ಇದ್ದರೆ ಮೊದಲು ಸೂರು ಹಾಕಿಸಿ. ಸೂರಿಗೂ ಸಾಲದಿದ್ದರೆ ನೀರು ಹರಿದುಹೋಗುವ ಆ ತೂತುಗಳನ್ನು ತಪ್ಪದೆ ಸ್ವಚ್ಛ ಮಾಡಿಸಿ.