ವಿಜ್ಞಾನ ಹುಡುಕಿದ್ದು ಸಿನಿಮಾದ ತೋಳಮಾನವನನ್ನು

ತೋಳಮಾನವ ಎಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಒಂದೇ ಚಿತ್ರ. ಹುಣ್ಣಿಮೆ ಬಂತು, ಮೈತುಂಬ ಕೂದಲು ಬೆಳೆಯಿತು, ಕೋರೆಹಲ್ಲು ಮೂಡಿತು. ಅವನಿಂದ ಕಚ್ಚಿಸಿಕೊಂಡವನಿಗೂ ಅದೇ ಗತಿ. ಕೊಲ್ಲಲು ಬೆಳ್ಳಿಯೇ ಬೇಕು. ಇದೆಲ್ಲ ಯುರೋಪಿನ ಹಳೇ ನಂಬಿಕೆ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಇದರಲ್ಲಿ ಹಾಲಿವುಡ್‌ನ ಪಾಲೇ ಜಾಸ್ತಿ. ಹುಣ್ಣಿಮೆ ಮತ್ತು ಕಡಿತ, ಎರಡನ್ನೂ ನಿಯಮದಂತೆ ತೋರಿಸಿದ್ದು 1935ರ ‘ವೇರ್‌ವುಲ್ಫ್ ಆಫ್ ಲಂಡನ್’. ಬೆಳ್ಳಿಯನ್ನು ಜನಪ್ರಿಯ ಮಾಡಿದ್ದು 1941ರ ‘ದಿ ವುಲ್ಫ್ ಮ್ಯಾನ್’.

ಹಳೆಯ ಕಥೆಗಳ ತೋಳಮಾನವನೇ ಬೇರೆ. ರೋಮನ್ ಕವಿ ಓವಿಡ್ ಹೇಳುವ ಲೈಕಾನ್ ರಾಜ ದೇವರ ಕೋಪಕ್ಕೆ ಸಿಕ್ಕಿ ತೋಳವಾದ. 1589ರಲ್ಲಿ ಜರ್ಮನಿಯ ಬೆಡ್‌ಬರ್ಗ್‌ನಲ್ಲಿ ಮರಣದಂಡನೆಗೆ ಗುರಿಯಾದ ಪೀಟರ್ ಸ್ಟಂಪ್, ಸೈತಾನ ಕೊಟ್ಟ ಸೊಂಟಪಟ್ಟಿ ಕಟ್ಟಿಕೊಂಡರೆ ತೋಳವಾಗುತ್ತೇನೆ ಎಂದು ಒಪ್ಪಿಕೊಂಡಿದ್ದ. ಚಿತ್ರಹಿಂಸೆಯ ಭಯದಲ್ಲಿ ಹೇಳಿದ ಮಾತು, ಎಷ್ಟು ನಂಬಬೇಕೋ ನೀವೇ ನೋಡಿ. ಬೇರೆ ಕೆಲವು ವಿಚಾರಣೆಗಳಲ್ಲಿ ಮೈಗೆ ಹಚ್ಚುವ ಮುಲಾಮಿನ ಮಾತು ಬರುತ್ತದೆ. ಒಂದೆರಡು ಹಳೆಯ ಕಥೆಗಳಲ್ಲಿ ಬೆಳದಿಂಗಳು ಇದೆ, ನಿಜ. ಆದರೆ ತಿಂಗಳಿಗೊಮ್ಮೆ ತಪ್ಪದೇ ರೂಪ ಬದಲಾಗುವ ಕಾಟ ಆ ಕಾಲದವರಿಗೆ ಸಾಮಾನ್ಯವಾಗಿ ಇರಲಿಲ್ಲ.

ತೋಳಮಾನವನ ಹಿಂದೆ ಯಾವುದೋ ಕಾಯಿಲೆ ಇತ್ತು ಎನ್ನುವ ವೈದ್ಯಕೀಯ ವಿವರಣೆಗಳು ಎಡವುವುದು ಇಲ್ಲೇ. ಅವು ಹುಡುಕುವುದು ಸಿನಿಮಾದ ತೋಳಮಾನವನನ್ನು. 1964ರಲ್ಲಿ ಎಲ್. ಇಲ್ಲಿಸ್ ಎಂಬ ವೈದ್ಯರು ಪಾರ್ಫೈರಿಯಾ ಕಾಯಿಲೆಯನ್ನು ತೋಳಮಾನವನಿಗೆ ಜೋಡಿಸಿದರು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಸರಿಯಾಗಿ ತಯಾರಾಗದೆ, ಅದರ ಅರೆಬರೆ ಕಚ್ಚಾವಸ್ತು ಮೈಯಲ್ಲಿ ಸೇರುತ್ತದೆ. ಬಿಸಿಲು ಬಿದ್ದರೆ ಚರ್ಮ ಹುಣ್ಣಾಗುತ್ತದೆ. ಹಲ್ಲು ಕೆಂಪಾಗಬಹುದು, ಕೂದಲೂ ಹೆಚ್ಚಬಹುದು. ಕೇಳಲು ಚೆನ್ನಾಗಿದೆ. ಆದರೆ ಇಷ್ಟೆಲ್ಲ ಲಕ್ಷಣ ಒಟ್ಟಿಗೆ ಬರುವ ಬಗೆ ಎಷ್ಟು ಅಪರೂಪವೆಂದರೆ, ಇಡೀ ಜಗತ್ತಿನಲ್ಲಿ ದಾಖಲಾದವರು ಕೆಲವೇ ನೂರು ಮಂದಿ. ಯುರೋಪಿನ ತುಂಬ ಹಬ್ಬಿದ ನಂಬಿಕೆಗೆ ಇದು ಸಾಲದು.

ಮೈತುಂಬ ಕೂದಲು ಬೆಳೆಯುವ ಹೈಪರ್‌ಟ್ರೈಕೋಸಿಸ್‌ಗೂ ಇದೇ ಕಥೆ. ಟೆನೆರೀಫ್ ದ್ವೀಪದ ಪೆಟ್ರಸ್ ಗೊನ್ಸಾಲ್ವಸ್‌ಗೆ ಮುಖವೆಲ್ಲ ಕೂದಲು. ಅವನಿದ್ದದ್ದು 16ನೇ ಶತಮಾನದಲ್ಲಿ, ಅಂದರೆ ತೋಳಮಾನವರೆಂದು ಜನರನ್ನು ಹಿಡಿದು ಕೊಲ್ಲುತ್ತಿದ್ದ ಕಾಲದಲ್ಲೇ. ಅವನಿಗೆ ಆದದ್ದೇನು? ಫ್ರಾನ್ಸಿನ ರಾಜ ಎರಡನೇ ಹೆನ್ರಿ ಆಸ್ಥಾನದಲ್ಲಿಟ್ಟುಕೊಂಡು ಲ್ಯಾಟಿನ್ ಕಲಿಸಿದ! ಶಿಕ್ಷೆಯಾದವರಲ್ಲಿ ಹೆಚ್ಚಿನವರು ನೋಡಲು ಸುಮ್ನೆ ಸಾಮಾನ್ಯ ರೈತರು, ಬಡವರು.

ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಇದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಜೊಲ್ಲಿನಲ್ಲಿರುವ ವೈರಸ್ ಕಡಿತದಿಂದ ಒಳಹೊಕ್ಕು, ನರಗಳ ಹಾದಿಯಲ್ಲಿ ಮಿದುಳು ಸೇರಿ, ಮನುಷ್ಯನನ್ನು ಉದ್ರೇಕಗೊಳಿಸುತ್ತದೆ. ರೇಬೀಸ್ ತಗುಲಿದ ತೋಳಗಳು ಊರಿಗೆ ನುಗ್ಗಿ ಭಯ ಬೆಳೆಸಿದ್ದು ಸಹಜ. ಆದರೆ ‘ಕಚ್ಚಿದರೆ ಅಂಟುತ್ತದೆ’ ಎಂಬ ಹೋಲಿಕೆ ಮಾತ್ರ ಸಿನಿಮಾಕ್ಕೇ ಹೆಚ್ಚು ಒಪ್ಪುತ್ತದೆ.

ಹುಣ್ಣಿಮೆಯ ವಿಷಯ ಬೇಗ ಮುಗಿಸಬಹುದು. 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎರಡು ಅಧ್ಯಯನಗಳು ಒಟ್ಟಿಗೆ ಬಂದವು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನವರು ಹುಣ್ಣಿಮೆಯ ಆಸುಪಾಸು ಪ್ರಾಣಿ ಕಡಿತ ಹೆಚ್ಚು ಎಂದರು. ಆಸ್ಟ್ರೇಲಿಯಾದವರು ನಾಯಿ ಕಡಿತದಲ್ಲಿ ಅಂಥದ್ದೇನೂ ಇಲ್ಲ ಎಂದರು. ಅಂದರೆ ಒಮ್ಮತವೇ ಇಲ್ಲ.

ಹಾಗಾದರೆ ಹಳೆಯ ತೋಳಮಾನವನಿಗೆ ಹತ್ತಿರವಾದದ್ದು ಯಾವುದು? ನನಗೆ ಕಾಣುವಂತೆ, ಕ್ಲಿನಿಕಲ್ ಲೈಕಾಂತ್ರೊಪಿ. ತಾನು ತೋಳವಾಗಿದ್ದೇನೆ ಎಂದು ಗಟ್ಟಿಯಾಗಿ ನಂಬುವ ಮಾನಸಿಕ ಸ್ಥಿತಿ ಇದು. 7ನೇ ಶತಮಾನದ ವೈದ್ಯ ಈಜಿನಾದ ಪೌಲ್ ಇದನ್ನು ಆಗಲೇ ಕಾಯಿಲೆ ಎಂದೇ ಬರೆದಿದ್ದ. 1603ರಲ್ಲಿ ಫ್ರಾನ್ಸಿನ ಬೋರ್ಡೋ ನ್ಯಾಯಾಲಯವೂ ತಾನು ತೋಳವೆಂದು ಹೇಳಿಕೊಂಡ ಹುಡುಗ ಜಾನ್ ಗ್ರೆನಿಯೆಯನ್ನು ಗಲ್ಲಿಗೇರಿಸದೆ ಮಠಕ್ಕೆ ಕಳಿಸಿತು. ಇವತ್ತೂ ಇಂಥವರು ಸಿಗುತ್ತಾರೆ. ಸ್ಕಿಜೋಫ್ರೇನಿಯಾ ಅಥವಾ ತೀವ್ರ ಖಿನ್ನತೆಯ ಜೊತೆಗೆ ಇದು ಬರುವುದುಂಟು, ಔಷಧದಿಂದ ಎಷ್ಟೋ ಸಲ ಕಡಿಮೆಯೂ ಆಗುತ್ತದೆ. 1850ರಿಂದ ಈಚೆಗಿನ ವೈದ್ಯಕೀಯ ಬರಹಗಳನ್ನು ಜಾಲಾಡಿದ 2014ರ ಒಂದು ಸಮೀಕ್ಷೆಗೆ, ತಾನು ಪ್ರಾಣಿಯಾದೆ ಎಂದ 56 ಮಂದಿ ಸಿಕ್ಕರು. ತೋಳವಾದೆ ಎಂದವರು 13 ಮಂದಿ ಮಾತ್ರ. ಉಳಿದವರಲ್ಲಿ ನಾಯಿ, ಹಾವು, ಕತ್ತೆಕಿರುಬ, ಕೊನೆಗೆ ಜೇನುನೊಣವೂ ಇತ್ತು.